ಸೈಲೆನ್ಸರ್ ಹಾಕಿದ್ದು ಯುಗಾದಿಗೆ, ಬಿಚ್ಚಿದ್ದು ಆಯುಧಪೂಜೆಗೆ

ಮೊದಲೇ ಹೇಳಿಬಿಡುತ್ತೇನೆ, ಬೈಕಿಗೆ ಹಾಕಿಸಿದ ಹೊಸ ಸೈಲೆನ್ಸರಿನ ಸೌಂಡು ಚೆನ್ನಾಗಿತ್ತು. ಅದರಲ್ಲಿ ಸುಳ್ಳಿಲ್ಲ. ಆರು ತಿಂಗಳು ತಲೆ ತಿಂದದ್ದು ಸೌಂಡು ಬಿಟ್ಟು ಮಿಕ್ಕಿದ್ದೆಲ್ಲ. ಆಮೇಲಾಮೇಲೆ ಸೌಂಡೂ.

ಗಾಡಿ 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. 346 ಸಿಸಿ, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡಲು ಕಾರ್ಬೊರೇಟರ್, ಎರಡು ಸ್ಪಾರ್ಕ್ ಪ್ಲಗ್ ಇರುವ ಇಂಜಿನ್. ಮನೆ ಹನುಮಂತನಗರ, ಆಫೀಸು ಬನ್ನೇರುಘಟ್ಟ ರೋಡ್, ದಿನಾ ಓಡಾಟ ಇದರಲ್ಲೇ. ಯುಗಾದಿಗೆ ಮುಂಚೆ ಒಂದು ದಿನ ತೊಳೆಯುತ್ತಿದ್ದೆ. ಸೈಲೆನ್ಸರ್ ಹೊಟ್ಟೆಯ ಕೆಳಗೆ ಕೈಗೆ ಏನೋ ತರಿತರಿ ಸಿಕ್ಕಿತು. ಸ್ವಲ್ಪ ಒತ್ತಿದೆ, ಬೆರಳು ಸೀದಾ ಒಳಗೆ ಹೋಯಿತು. ಮೇಲೆ ಕ್ರೋಮ್ ಫಳಫಳ, ಕೆಳಗೆ ಹಪ್ಪಳ.

ಈ ತುಕ್ಕು ಮಳೆಯಿಂದ ಬಂದದ್ದಲ್ಲ, ಒಳಗಿನಿಂದ ಬಂದದ್ದು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯ ರೂಪದಲ್ಲಿ. ಪೈಪು ಚೆನ್ನಾಗಿ ಕಾದಿದ್ದರೆ ಅದು ಹೊರಗೆ ಹೋಗುತ್ತದೆ. ಹಾಲು, ತರಕಾರಿ, ಗಾಂಧಿಬಜಾರ್ ಅಂತ ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ನನ್ನಂಥವನ ಗಾಡಿಯಲ್ಲಿ ಪೈಪು ಕಾಯುವುದೇ ಇಲ್ಲ, ಆವಿ ನೀರಾಗಿ ತಳದಲ್ಲಿ ಕೂರುತ್ತದೆ. ಅದು ಸೋರಿಹೋಗಲಿ ಅಂತಲೇ ಕೆಳಗೊಂದು ಸಣ್ಣ ತೂತು ಬಿಟ್ಟಿರುತ್ತಾರೆ. ನನ್ನದರಲ್ಲಿ ಆ ತೂತಿಗೆ ಕೆಸರು ಮೆತ್ತಿಕೊಂಡು ಎಷ್ಟು ವರ್ಷ ಆಗಿತ್ತೋ. ನಿಮ್ಮ ಗಾಡಿಯದನ್ನೂ ಒಮ್ಮೆ ಬಗ್ಗಿ ನೋಡಿ, ಒಂದು ಪಿನ್ನು ಚುಚ್ಚಿದರೆ ಸಾಕು.

ವೆಲ್ಡಿಂಗ್ ಮಾಡಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಒಳಗೊಳಗೇ ನನಗೂ ಆಸೆ ಇತ್ತು. ತೂತು ಬಿದ್ದದ್ದು ಒಂದು ನೆವ ಆಯಿತು ಅಷ್ಟೇ.

ಶನಿವಾರ ಜೆ.ಸಿ. ರೋಡಿಗೆ ಹೋದೆ. ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ನಡೆದರೆ ಎರಡೂ ಬದಿ ಸೀಟ್ ಕವರ್, ಹಾರ್ನ್, ಬಂಪರ್. ಕೆಲವು ಅಂಗಡಿಗಳ ಮುಂದೆ ಸೈಲೆನ್ಸರ್‌ಗಳು ತೋರಣದ ಹಾಗೆ ನೇತಾಡುತ್ತಿರುತ್ತವೆ. ಅವುಗಳ ಹೆಸರೇ ಒಂದು ಮಜಾ: ಶಾರ್ಟ್ ಬಾಟಲ್, ಲಾಂಗ್ ಬಾಟಲ್, ಡಾಲ್ಫಿನ್, ಮೆಗಾಫೋನ್, ಇಂದೋರಿ, ಪಂಜಾಬ್, ಗೋಲ್ಡ್‌ಸ್ಟಾರ್. ಅಂಗಡಿಯ ಹುಡುಗ ಒಂದೊಂದರ ಸೌಂಡನ್ನೂ ಬಾಯಲ್ಲೇ ಮಾಡಿ ತೋರಿಸಿದ. ನಾನು ಆರಿಸಿದ್ದು ಸ್ಟೇನ್‌ಲೆಸ್ ಸ್ಟೀಲಿನ ಗಿಡ್ಡ ಸೈಲೆನ್ಸರ್. ಒಳಗೆ ಸಣ್ಣಸಣ್ಣ ತೂತಿನ ನೇರ ಕೊಳವೆ, ಅದರ ಸುತ್ತ ಗ್ಲಾಸ್‌ವುಲ್ ಅನ್ನುವ ಗಾಜಿನ ಎಳೆಯ ಹತ್ತಿ, ಬಾಯಿಗೆ ಸದ್ದು ತಗ್ಗಿಸಲು ಬಿಚ್ಚಿ ಹಾಕಬಹುದಾದ ಡಿಬಿ ಕಿಲ್ಲರ್. 4,500 ಹೇಳಿ 4,200ಕ್ಕೆ ಇಳಿದ.

"ಕಾರ್ಬೊರೇಟರ್‌ಗೆ ಏನಾದ್ರೂ ಮಾಡಿಸಬೇಕಾ?" ಅಂತ ಕೇಳಿದೆ.

"ಏನೂ ಬೇಡ ಸಾರ್, ಹಾಕಿ ಓಡ್ಸೋದು ಅಷ್ಟೇ. ಪಿಕಪ್ಪೂ ಜಾಸ್ತಿ, ಮೈಲೇಜೂ ಜಾಸ್ತಿ."

"ಪೊಲೀಸ್ನೋರು?"

"ಡಿಬಿ ಕಿಲ್ಲರ್ ಇದೆಯಲ್ಲಾ ಸಾರ್."

ಮೀಟರಿನಲ್ಲಿ 41,260 ಕಿ.ಮೀ. ಭಾನುವಾರ, ಫಿಟ್ಟಿಂಗ್.

ಕಂಪನಿ ಸೈಲೆನ್ಸರ್ ಬಿಚ್ಚುವುದು ಕಷ್ಟ ಅಲ್ಲ. ಇಂಜಿನ್ನಿನಿಂದ ಹೊಗೆ ತರುವ ಬೆಂಡ್ ಪೈಪಿಗೆ ಕೂರುವ ಕಡೆ ಒಂದು ಕ್ಲ್ಯಾಂಪ್, ಹಿಂದೆ ಬ್ರಾಕೆಟ್ಟಿಗೆ ಬೋಲ್ಟ್. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿದ್ದೆ. ಆದರೂ ಕ್ಲ್ಯಾಂಪ್ ಬೋಲ್ಟು ಅರ್ಧ ಸುತ್ತಿಗೆ ಕಿರ್ ಅಂತ ನಿಂತಿತು, ಮತ್ತೆ ಬಿಗಿ ಮಾಡಿ, ಮತ್ತೆ ಸಡಿಲ ಮಾಡಿ, ಹಿಂದೆ ಮುಂದೆ ಆಡಿಸುತ್ತಾ ಆಡಿಸುತ್ತಾ ಹೊರಗೆ ತಂದೆ. ಒಂದೇ ಸಲಕ್ಕೆ ಬಲ ಹಾಕಿದ್ದರೆ ಖಂಡಿತ ಮುರಿಯುತ್ತಿತ್ತು. ಬೆಂಡ್ ಪೈಪ್ ಮುಟ್ಟಲಿಲ್ಲ.

ಹೊಸದನ್ನು ಹಿಡಿದು ನೋಡಿದರೆ ಎರಡು ತೊಂದರೆ. ಒಂದು, ಬ್ರಾಕೆಟ್ಟಿನ ತೂತು ಗಾಡಿಯ ತೂತಿಗೆ ಕೂರುವುದಿಲ್ಲ, ಐದಾರು ಮಿಲಿಮೀಟರ್ ಆಚೆ. ಇನ್ನೊಂದು, ಬಾಯಿ ಬೆಂಡ್ ಪೈಪಿಗಿಂತ ಸ್ವಲ್ಪ ದೊಡ್ಡದು, ಅಲ್ಲಾಡುತ್ತದೆ. ಅಂಗಡಿಗೆ ಫೋನ್ ಮಾಡಿದರೆ "ಡಬ್ಬದಲ್ಲಿ ತಗಡಿನ ಪಟ್ಟಿ ಇರುತ್ತೆ ನೋಡಿ ಸಾರ್, ಸುತ್ತಿ ಹಾಕಿ" ಅಂದ. ಸುತ್ತಿ ಹಾಕಿದೆ. ಬ್ರಾಕೆಟ್ಟಿನ ತೂತನ್ನು ರೌಂಡ್ ಫೈಲಿನಲ್ಲಿ ಉಜ್ಜಿ ಮೊಟ್ಟೆಯಾಕಾರ ಮಾಡಿದೆ. ನಡುಕ ನುಂಗಲಿ ಅಂತ ಕಂಪನಿಯವರು ಕೊಡುವ ರಬ್ಬರ್ ಬುಷ್ ಇದಕ್ಕೆ ಹಿಡಿಸಲಿಲ್ಲ, ಕಬ್ಬಿಣಕ್ಕೆ ಕಬ್ಬಿಣವನ್ನೇ ಬಿಗಿದೆ. ಈ ಬುಷ್ ಬಿಟ್ಟದ್ದನ್ನು ನೆನಪಿಟ್ಟುಕೊಳ್ಳಿ.

ತೂಕದಲ್ಲಿ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ ಉಳಿಯಿತು. ಗಾಡಿಯ ತೂಕವೇ 190 ಕಿಲೋ ಆಸುಪಾಸು, ಓಡಿಸುವವನ ತೂಕ ಇಲ್ಲಿ ಬೇಡ ಬಿಡಿ.

ಸ್ಟಾರ್ಟ್ ಮಾಡಿದೆ. ಮೈ ಜುಂ ಅಂದಿತು. ಎದುರು ಮನೆಯ ಹುಡುಗ ಓಡಿ ಬಂದ. ನಾನೂ ಸುಮ್ನೆ ಎರಡು ಸಲ ರೇಸ್ ಮಾಡಿ ತೋರಿಸಿದೆ. ನೈಸ್ ರೋಡಿನವರೆಗೆ ಹೋಗಿ ಬಂದೆ, ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ನಗು.

ಪಟಾಕಿ ಶುರುವಾದದ್ದು ಸೋಮವಾರ. ಡೇರಿ ಸರ್ಕಲ್ ಸಿಗ್ನಲ್ ಹತ್ತಿರ ಆಕ್ಸಿಲೇಟರ್ ಬಿಟ್ಟರೆ ಸಾಕು, ಹಿಂದಿನಿಂದ ಟಪ್, ಟಪಟಪ್, ಢಬ್. ಪಕ್ಕದ ಆಟೋದವರು ತಿರುಗಿ ನೋಡಿದರು. ಕೆಲವರಿಗೆ ಇದು ಬೇಕು, ಇದಕ್ಕಾಗಿಯೇ ದುಡ್ಡು ಕೊಡುತ್ತಾರೆ. ನನಗೆ ಭಯವಾಯಿತು. ಜತೆಗೆ ಇನ್ನೊಂದು: ನಿಂತಲ್ಲಿಂದ ಹೊರಡುವಾಗ ಮೊದಲು ತಾನಾಗಿ ಎಳೆಯುತ್ತಿದ್ದ ಗಾಡಿ ಈಗ ಒಂದು ಕ್ಷಣ ತಡೆದು, ಕೆಮ್ಮಿ, ಆಮೇಲೆ ಹೋಗುತ್ತದೆ.

ಮೊದಲು ಲೀಕ್ ಹುಡುಕಿದೆ. ಇದಕ್ಕೆ ನಾನು ಬಳಸಿದ್ದು ಊದುಬತ್ತಿ. ಗಾಡಿ ಐಡ್ಲಿಂಗ್‌ನಲ್ಲಿ ಬಿಟ್ಟು ಬೆಂಡ್ ಪೈಪೂ ಸೈಲೆನ್ಸರೂ ಸೇರುವ ಕಡೆ ಊದುಬತ್ತಿ ಹಿಡಿದೆ. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಸಲ ಹೊರಗೆ ಚಿಮ್ಮಿತು, ಮರುಕ್ಷಣ ಸರ್ ಅಂತ ಒಳಗೆ ಎಳೆದುಕೊಂಡಿತು. ಮತ್ತೆ ಹೊರಗೆ, ಮತ್ತೆ ಒಳಗೆ, ಇಂಜಿನ್ ತಾಳಕ್ಕೆ ಸರಿಯಾಗಿ. ನಾನು ಅಲ್ಲಿಯವರೆಗೆ ಲೀಕ್ ಅಂದರೆ ಹೊರಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದೆ. ಹೊಗೆ ಪೈಪಿನಲ್ಲಿ ನಲ್ಲಿ ನೀರಿನ ಹಾಗೆ ಹರಿಯುವುದಿಲ್ಲ, ಇಂಜಿನ್ನಿನ ಹೊಗೆ ವಾಲ್ವ್ ಒಂದೊಂದು ಸಲ ತೆರೆದಾಗಲೂ ಒಂದೊಂದು ಗುದ್ದು. ಗುದ್ದಿನ ಹಿಂದೆ ಒತ್ತಡ ಬೀಳುತ್ತದೆ, ಆಗ ಹೊರಗಿನ ಗಾಳಿ ಸಂದಿಯಿಂದ ಒಳಗೆ ನುಗ್ಗುತ್ತದೆ. ಆಕ್ಸಿಲೇಟರ್ ಬಿಟ್ಟಾಗ ಸಿಲಿಂಡರಿನಲ್ಲಿ ಸರಿಯಾಗಿ ಸುಡದ ಪೆಟ್ರೋಲ್ ಆವಿ ಪೈಪಿಗೆ ಬಂದಿರುತ್ತದೆ. ಕಾದ ಪೈಪು, ಪೆಟ್ರೋಲ್ ಆವಿ, ಹೊಸ ಗಾಳಿ. ಪಟಾಕಿಗೆ ಇನ್ನೇನು ಬೇಕು?

ತಗಡಿನ ಪಟ್ಟಿ ಬಿಸಾಕಿ, ಸರಿಯಾದ ಅಳತೆಯ ಬುಷ್ ಒಂದನ್ನು ಲೇತ್‌ನಲ್ಲಿ ಮಾಡಿಸಿ, ಹೊಸ ಕ್ಲ್ಯಾಂಪ್ ಹಾಕಿದೆ. ಎರಡೂ ಸೇರಿ 260 ರೂಪಾಯಿ. ಪಟಾಕಿ ಮುಕ್ಕಾಲು ನಿಂತಿತು. ಕೆಮ್ಮು ನಿಲ್ಲಲಿಲ್ಲ.

41,700 ಕಿ.ಮೀ. ವಿಲ್ಸನ್ ಗಾರ್ಡನ್ನಿನಲ್ಲಿ ನಾನು ಮಾಮೂಲಿ ಹೋಗುವ ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಎರಡೂ ಪ್ಲಗ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಇಟ್ಟರು. ಪಿಂಗಾಣಿ ಭಾಗ ಬೂದಿಯ ಹಾಗೆ ಬೆಳ್ಳಗಿತ್ತು. ಸರಿಯಾಗಿದ್ದರೆ ಅದು ಬಿಸ್ಕತ್ತಿನ ಬಣ್ಣದಲ್ಲಿರಬೇಕು.

"ಹವಾ ಜಾಸ್ತಿ, ಪೆಟ್ರೋಲ್ ಕಮ್ಮಿ ಸಾರ್. ಬ್ಯಾಕ್ ಪ್ರೆಷರ್ ಹೋಗ್ಬಿಟ್ಟಿದೆ. ಹಿಂಗೇ ಓಡಿಸಿದ್ರೆ ವಾಲ್ವ್ ಸುಟ್ಟೋಗುತ್ತೆ."

ಈ ಬ್ಯಾಕ್ ಪ್ರೆಷರ್ ಅನ್ನುವ ಮಾತು ಎಲ್ಲ ಗ್ಯಾರೇಜಿನಲ್ಲೂ ಕೇಳುತ್ತೇವೆ, ಅಲ್ವಾ? ಭಾಯ್ ಹೇಳಿದ್ದರಲ್ಲಿ ಅರ್ಧ ನಿಜ. ಯಾವ ಇಂಜಿನ್‌ಗೂ ಹೊಗೆ ತಳ್ಳುವಾಗ ಅಡ್ಡ ಒತ್ತಡ ಬೇಕಾಗಿಲ್ಲ. ಬೇಕಾಗಿರುವುದು ಸರಿಯಾದ ಹೊತ್ತಿಗೆ ಬರುವ ಎಳೆತ. ವಾಲ್ವ್ ತೆರೆದಾಗ ಹೊರಟ ಗುದ್ದು ಪೈಪಿನ ತುದಿ ಮುಟ್ಟಿ ಎಳೆತವಾಗಿ ವಾಪಸ್ ಬರುತ್ತದೆ. ಬಿಸಿ ಹೊಗೆಯಲ್ಲಿ ಅದರ ವೇಗ ಸೆಕೆಂಡಿಗೆ 500 ಮೀಟರಿಗೂ ಜಾಸ್ತಿ. ಗಾಳಿ ಒಳಗೆ ಬರುವ, ಹೊಗೆ ಹೊರಗೆ ಹೋಗುವ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಆ ಚಿಕ್ಕ ಸಂದಿಯಲ್ಲಿ ಅದು ಬಂದು ತಲುಪಿದರೆ ಹಳೇ ಹೊಗೆಯನ್ನು ಎಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ತಪ್ಪು ಹೊತ್ತಿಗೆ ಬಂದರೆ ಹೊಗೆಯನ್ನೇ ವಾಪಸ್ ತುರುಕುತ್ತದೆ. ಯಾವ ಆರ್‌ಪಿಎಂನಲ್ಲಿ ಸರಿ ಬೀಳುತ್ತದೆ ಅನ್ನುವುದನ್ನು ಪೈಪಿನ ಉದ್ದ, ಒಳಗಿನ ಗೋಡೆಗಳು, ತೂತುಗಳು ಎಲ್ಲ ಸೇರಿ ತೀರ್ಮಾನ ಮಾಡುತ್ತವೆ. ಈ ಇಂಜಿನ್ 28 ನ್ಯೂಟನ್ ಮೀಟರ್ ಟಾರ್ಕ್ ಕೊಡುವುದು 4,000 ಆರ್‌ಪಿಎಂನಲ್ಲಿ. ಬೆಂಗಳೂರು ಟ್ರಾಫಿಕ್ಕಿನಲ್ಲಿ ನಾವು ಓಡಿಸುವುದು ಅದರ ಅರ್ಧದಿಂದ ಮುಕ್ಕಾಲು. ಕಂಪನಿಯವರು ಆ ಜಾಗವನ್ನೂ ಬಿಡದೆ ನೋಡಿಕೊಂಡಿರುತ್ತಾರೆ. ನನ್ನ ಗಿಡ್ಡ ಡಬ್ಬ ಅದನ್ನೆಲ್ಲ ಎಲ್ಲಿಗೋ ತಳ್ಳಿಬಿಟ್ಟಿತ್ತು.

ವಾಲ್ವ್ ಸುಡುವ ಮಾತು ಬೇರೆ. ಅದು ಒತ್ತಡ ಹೋದದ್ದಕ್ಕಲ್ಲ. ಪೆಟ್ರೋಲ್‌ಗೆ ಹೋಲಿಸಿದರೆ ಗಾಳಿ ಜಾಸ್ತಿಯಾಗಿ ಬಿಸಿ ಏರುವುದಕ್ಕೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ತೂಕದಲ್ಲಿ, ಇದು ಪುಸ್ತಕದ ಲೆಕ್ಕ. ಹಳೇ ಸೈಲೆನ್ಸರ್ ನೋಡಿಕೊಂಡು ಜೆಟ್ (ಪೆಟ್ರೋಲ್ ಹಾಯುವ ಅಳತೆ ತೂತಿನ ತುಂಡು) ಹಾಕಿದ ಕಾರ್ಬೊರೇಟರ್‌ಗೆ ಹೊಸ ಸೈಲೆನ್ಸರ್ ಬಂದಿದೆ ಅಂತ ಯಾರು ಹೇಳಬೇಕು? ಅಷ್ಟರಲ್ಲಿ ಬೆಂಡ್ ಪೈಪು ಇಂಜಿನ್ ಪಕ್ಕದಲ್ಲಿ ಚಿನ್ನದ ಬಣ್ಣಕ್ಕೆ ತಿರುಗಿ, ಅಲ್ಲಿಂದ ನೀಲಿಗೆ ಹೋಗಿತ್ತು.

ಪೆಟ್ರೋಲ್ ಜಾಸ್ತಿ ಹೋಗಲಿ ಅಂತ ಭಾಯ್ ಐದು ನಂಬರ್ ದೊಡ್ಡ ಮೇನ್ ಜೆಟ್ ಹಾಕಿದರು. ನೀಡಲ್ ಕೆಳಗೆ ತೆಳು ವಾಷರ್ ಒಂದು ಇಟ್ಟು ಸ್ವಲ್ಪ ಎತ್ತಿದರು. ಐಡ್ಲಿಂಗ್ ಮಿಕ್ಸ್‌ಚರ್ ಸ್ಕ್ರೂ ಅರ್ಧ ಸುತ್ತು ಹೊರಗೆ. ಜೆಟ್ಟು, ಕೂಲಿ ಸೇರಿ 900. ಪ್ಲಗ್ ಎರಡಕ್ಕೆ 300. ಕೆಮ್ಮು ಹೋಯಿತು. ಆದರೆ ಮೈಲೇಜು 35ರಿಂದ 30ಕ್ಕೆ ಇಳಿಯಿತು, ಮತ್ತೆ ಏರಲೇ ಇಲ್ಲ.

ಒಂದು ತಿಂಗಳ ನಂತರ ಹೊಗೆ ತಪಾಸಣೆಗೆ ಹೋದೆ. ಕಾರ್ಬನ್ ಮಾನಾಕ್ಸೈಡ್ ಶೇ. 3.9 ತೋರಿಸಿತು. ನನ್ನ ಗಾಡಿಗೆ ಮಿತಿ 3.5. ಮತ್ತೆ ಭಾಯ್ ಹತ್ತಿರ ಹೋಗಿ, ಸ್ಕ್ರೂ ಕಾಲು ಸುತ್ತು ಒಳಗೆ ಹಾಕಿಸಿಕೊಂಡು, ವಾಪಸ್ ಬಂದು 2.8ಕ್ಕೆ ಪಾಸಾದೆ. ಪಾಸಾದ ಸಂತೋಷಕ್ಕೆ ಗಾಡಿ ಮತ್ತೆ ಸ್ವಲ್ಪ ಕೆಮ್ಮಿತು.

ಈಗ ಸೌಂಡಿನ ವಿಷಯ. ನಾವು ಬಾಡಿಗೆಗೆ ಇರುವುದು ಮೊದಲ ಮಹಡಿಯಲ್ಲಿ, ಕೆಳಗೆ ಓನರ್ ಅಂಕಲ್. ಏಪ್ರಿಲ್‌ನಲ್ಲಿ ಅವರ ಮಗಳು ಬಾಣಂತನಕ್ಕೆ ಬಂದರು. ನನ್ನದು ವಾರದಲ್ಲಿ ಮೂರು ದಿನ ಬೆಳಗ್ಗೆ ಐದೂವರೆಗೆ ಹೊರಡುವ ಶಿಫ್ಟು. ಎರಡನೇ ವಾರ ಅಂಕಲ್ ಗೇಟಿನ ಹತ್ತಿರ ನಿಂತಿದ್ದರು. ಬೈಯಲಿಲ್ಲ. "ಏನಪ್ಪಾ, ದೇವಸ್ಥಾನದ ಸುಪ್ರಭಾತಕ್ಕಿಂತ ಮುಂಚೆ ನಿಂದೇ ಕೇಳಿಸುತ್ತಲ್ಲ" ಅಂದರು. ಅಷ್ಟೇ.

ಅವತ್ತು ಸಂಜೆ ಮೊಬೈಲ್ ಆ್ಯಪ್ ಇಟ್ಟು ಅಳೆದೆ. ಈ ಆ್ಯಪ್‌ಗಳು ತೋರಿಸುವ ಅಂಕಿಯನ್ನು ಹಾಗೇ ನಂಬಬಾರದು, ಎರಡು ಗಾಡಿಯ ನಡುವಿನ ವ್ಯತ್ಯಾಸಕ್ಕೆ ಬೇಕಾದರೆ ಬಳಸಬಹುದು. ಎದುರು ಮನೆಯ ಹುಡುಗನದೂ ಕ್ಲಾಸಿಕ್ಕೇ, ಕಂಪನಿ ಸೈಲೆನ್ಸರ್. ಒಂದೇ ಜಾಗ, ಒಂದು ಮೀಟರ್ ದೂರ, ಐಡ್ಲಿಂಗ್. ಅವನದು 74, ನನ್ನದು ಡಿಬಿ ಕಿಲ್ಲರ್ ಹಾಕಿಯೇ 88. ಹದಿನಾಲ್ಕು ಅಂದರೆ ಏನು ಮಹಾ ಅನಿಸುತ್ತದೆ. ಡೆಸಿಬೆಲ್ ಲೆಕ್ಕ ಕೂಡುವ ಲೆಕ್ಕ ಅಲ್ಲ. ಹತ್ತು ಜಾಸ್ತಿಯಾದರೆ ಕಿವಿಗೆ ಹೆಚ್ಚು ಕಡಿಮೆ ಎರಡು ಪಟ್ಟು. ಅಂದರೆ ನನ್ನ ಗಾಡಿ ಕಿವಿಗೆ ಅವನದಕ್ಕಿಂತ ಎರಡೂವರೆ ಪಟ್ಟು ಜೋರು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಇರಬೇಕಾದ ಮಟ್ಟ 45. ಐದೂವರೆ ಅಂದರೆ ಇನ್ನೂ ರಾತ್ರಿಯೇ.

ಆಮೇಲೆ ನಾನು ಕಂಡುಕೊಂಡ ಉಪಾಯ ಗಾಡಿ ತಳ್ಳುವುದು. ಗೇಟಿನಿಂದ ಮೇನ್ ರೋಡಿನವರೆಗೆ ನ್ಯೂಟ್ರಲ್‌ನಲ್ಲಿ 190 ಕಿಲೋ, ನಮ್ಮ ಕ್ರಾಸಿನ ಏರಿನಲ್ಲಿ, ಹೆಲ್ಮೆಟ್ ಹಾಕಿಕೊಂಡು, ಬೆವರುತ್ತಾ. ಹಾಲಿನ ಹುಡುಗ ಮೊದಲ ದಿನ "ಪೆಟ್ರೋಲ್ ಖಾಲಿನಾ ಅಣ್ಣಾ?" ಅಂತ ಕೇಳಿದ. ಹೌದು ಅಂದೆ. ಮೂರನೇ ದಿನವೂ ಕೇಳಿದ.

ಅಪ್ಪನ ಹತ್ತಿರ ಯೆಜ್ಡಿ ರೋಡ್‌ಕಿಂಗ್ ಇತ್ತು, ಮೈಸೂರಿನ ಕಾರ್ಖಾನೆಯದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಟೂ ಸ್ಟ್ರೋಕ್ ಆದ್ದರಿಂದ ಆಯಿಲ್ ಮಸಿ ಕಟ್ಟುತ್ತಿತ್ತು, ಆಗಾಗ ಒಳಗೆ ಸದ್ದು ತಡೆಯುವ ಬ್ಯಾಫಲ್ ಎಳೆದು ಹಿತ್ತಿಲಿನ ಒಲೆಯಲ್ಲಿ ಕೆಂಪಗೆ ಸುಟ್ಟು, ತಟ್ಟಿ, ವಾಪಸ್ ಹಾಕುತ್ತಿದ್ದರು. ನಾನು ಫೋನಿನಲ್ಲಿ ಈ ಕಥೆ ಹೇಳಿದರೆ ಅಪ್ಪ ಕೇಳಿದ್ದು ಒಂದೇ: "ಬ್ಯಾಫಲ್ ಇಲ್ದೇ ಇರೋದನ್ನ ದುಡ್ಡು ಕೊಟ್ಟು ತಗೊಂಡ್ಯಾ?"

43,100 ಕಿ.ಮೀ. ಜೂನ್. ಗೆಳೆಯರ ಜತೆ ಸಕಲೇಶಪುರ, ಹೋಗುವುದೇ 220 ಕಿ.ಮೀ. ಹತ್ತಿರ. ನೆಲಮಂಗಲ ದಾಟಿ ಐದನೇ ಗೇರಿಗೆ ಹಾಕಿ 65ರಲ್ಲಿ ನಿಲ್ಲಿಸಿದರೆ ಒಂದು ಗುಂಯ್ ಶುರುವಾಯಿತು. ಅದು ಸೌಂಡಿಗಿಂತ ಜಾಸ್ತಿ ಎದೆಯ ಮೇಲೆ ಕೂತ ನಡುಕ. 60ಕ್ಕೆ ಇಳಿದರೂ ಹೋಗುತ್ತದೆ, 75ಕ್ಕೆ ಏರಿದರೂ ಹೋಗುತ್ತದೆ, ಆದರೆ ಆ ಗಾಡಿಗೆ ಹಾಯಾದ ವೇಗ ಅದೇ 65. ಹಾಸನದಲ್ಲಿ ಊಟಕ್ಕೆ ನಿಂತಾಗ ಸರ್ವರ್ ಏನು ಹೇಳುತ್ತಿದ್ದಾನೆ ಅಂತ ಎರಡು ಸಲ ಕೇಳಿದೆ. 85 ಡೆಸಿಬೆಲ್ ಅನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು, ಅದರ ಮೇಲೆ ಮೂರು ಮೂರು ಏರಿದ ಹಾಗೆ ಹೊತ್ತು ಅರ್ಧರ್ಧ ಆಗುತ್ತದೆ ಅನ್ನುವ ಲೆಕ್ಕ ಇದೆ. 94 ಅಂದರೆ ಒಂದೇ ಗಂಟೆ. ವಾಪಸ್ ಬರುವಾಗ ಕಿವಿಗೆ ಹತ್ತಿ ಇಟ್ಟುಕೊಂಡು ಬಂದೆ. ಸೌಂಡಿಗೆ ಅಂತ ನಾಲ್ಕು ಸಾವಿರ ಕೊಟ್ಟು, ಅದು ಕೇಳಬಾರದು ಅಂತ ಕಿವಿಗೆ ಹತ್ತಿ.

ಆ ಟ್ರಿಪ್ಪಿನ ನಂತರದ ಮಳೆಯಲ್ಲಿ ರೇನ್‌ಕೋಟ್ ಪ್ರಕರಣ. ಕಂಪನಿ ಸೈಲೆನ್ಸರ್ ಉದ್ದಕ್ಕೆ, ನೆಲಕ್ಕೆ ಸಮನಾಗಿ ಹೋಗುತ್ತದೆ. ನನ್ನದು ಗಿಡ್ಡ, ದಪ್ಪ, ಮೂತಿ ಮೇಲೆತ್ತಿಕೊಂಡಿದೆ, ಹಿಂದೆ ಕೂತವರ ಬಲಗಾಲಿನ ಪಕ್ಕಕ್ಕೇ ಬರುತ್ತದೆ. ಬನಶಂಕರಿಯಿಂದ ಹೆಂಡತಿಯನ್ನು ಕೂರಿಸಿಕೊಂಡು ಬರುತ್ತಿದ್ದೆ. ಸಿಗ್ನಲ್‌ನಲ್ಲಿ "ರೀ, ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ" ಅಂದಳು. ಯಾರೋ ಕಸ ಸುಡುತ್ತಿರಬೇಕು ಅಂದೆ ನಾನು, ದೊಡ್ಡ ಮನುಷ್ಯ. ಮನೆಗೆ ಬಂದು ಇಳಿಯುವಾಗ ರೇನ್‌ಕೋಟ್ ಪ್ಯಾಂಟಿನ ಕಾಲು ಸೈಲೆನ್ಸರಿಗೇ ಅಂಟಿಕೊಂಡು, ಚೀಸ್ ಎಳೆದ ಹಾಗೆ ದಾರ ದಾರವಾಗಿ ಬಂತು. ಕಾಲಿಗೆ ಏನೂ ಆಗಲಿಲ್ಲ, ಒಳಗೆ ಜೀನ್ಸ್ ಇತ್ತು. ಸೈಲೆನ್ಸರ್ ಮೇಲೆ ಅಂಗೈಯಗಲ ಕಪ್ಪು ಕಲೆ ಬೆಂದು ಕೂತಿತು. ವಾರವಿಡೀ ಗಾಡಿ ಕಾದಾಗಲೆಲ್ಲ ಅದೇ ವಾಸನೆ. ಹೊಸ ಸೆಟ್ಟಿಗೆ 950. ಅವಳು ಮಾತ್ರ ಅವತ್ತಿನಿಂದ ಮೆಟ್ರೋ.

ಪೊಲೀಸರ ಕೈಗೆ ಸಿಕ್ಕಿದ್ದು ಆಗಸ್ಟ್‌ನಲ್ಲಿ, ಒಂದು ದೊಡ್ಡ ಜಂಕ್ಷನ್‌ನಲ್ಲಿ. ಡಿಬಿ ಕಿಲ್ಲರ್ ಇದೆ ಸಾರ್ ಅಂತ ತೋರಿಸಿದೆ. ಅವರು ಅದನ್ನು ಬಗ್ಗಿ ಸಹ ನೋಡಲಿಲ್ಲ. "ಗಾಡಿ ಜೊತೆ ಬಂದಿದ್ದಾ ಇದು?" ಅಂದರು. ಅಲ್ಲ ಅಂದೆ. "ಮತ್ತೆ?" ಅವರು ಹೇಳಿದ್ದು ಸರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. ಶಬ್ದ ಮತ್ತು ಹೊಗೆಯ ನಿಯಮ ಮುರಿದರೆ 190(2), 2019ರ ತಿದ್ದುಪಡಿ ಆದ ಮೇಲೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಲೈಸೆನ್ಸೂ ಮೂರು ತಿಂಗಳು ಹೋಗಬಹುದು. 175 ಸಿಸಿ ಮೇಲಿನ ಬೈಕಿಗೆ 80 ಡೆಸಿಬೆಲ್ ಮಿತಿ ಇದೆ, ಆದರೆ ಅದು ಗಾಡಿ ಓಡುತ್ತಿರುವಾಗ ಏಳೂವರೆ ಮೀಟರ್ ದೂರದಲ್ಲಿ ಅಳೆಯುವ ಅಂಕಿ, ಕಂಪನಿ ಗಾಡಿಗೆ ಒಪ್ಪಿಗೆ ತೆಗೆದುಕೊಳ್ಳುವಾಗ. ರಸ್ತೆಯಲ್ಲಿ ನಿಂತು ಮೊಬೈಲ್ ಆ್ಯಪ್ ತೋರಿಸಿ ವಾದ ಮಾಡಿದರೆ ಯಾರೂ ಕೇಳುವುದಿಲ್ಲ, ನಾನು ಮಾಡಿ ನೋಡಿದ್ದೇನೆ. ಅವತ್ತು ಒರಿಜಿನಲ್ ಹಾಕಿಸಿಕೊಳ್ಳಿ ಅಂತ ಎಚ್ಚರಿಕೆ ಕೊಟ್ಟು ಬಿಟ್ಟರು. ಆಮೇಲೆ ಬಿಳಿ ಅಂಗಿ ಕಂಡರೆ ಸಾಕು, ಕ್ಲಚ್ ಹಿಡಿದು ಉರುಳಿಸಿಕೊಂಡು ಹೋಗುವ ಅಭ್ಯಾಸ ಆಯಿತು.

44,600 ಕಿ.ಮೀ. ಇಷ್ಟರಲ್ಲಿ ಸೌಂಡು ಬದಲಾಗಿತ್ತು. ಮೊದಲಿನ ಆ ಗಂಭೀರ ಸದ್ದು ಹೋಗಿ ಒಡೆದ ತಗಡಿನ ಡಬ್ಬ ಬಡಿದ ಹಾಗೆ. ಗ್ಲಾಸ್‌ವುಲ್ ಸುಟ್ಟು ಹೋಗಿರಬೇಕು ಅಂತ ಬಿಚ್ಚಿದೆ. ಹಿಂದಿನ ಮುಚ್ಚಳಕ್ಕೆ ರಿವಿಟ್, 5 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಒಂದೊಂದರ ತಲೆ ತೆಗೆದೆ. ಮುಚ್ಚಳ ಎಳೆದರೆ ಒಳಗೆ ಅರ್ಧ ಖಾಲಿ. ಉಳಿದದ್ದು ಕರಿ ಉಂಡೆಯಾಗಿ ಒಂದು ಮೂಲೆಗೆ ಸೇರಿಕೊಂಡಿದೆ. ಹೊಸ ಗ್ಲಾಸ್‌ವುಲ್, ರಿವಿಟ್ ಸೇರಿ 220. ಕೊಳವೆಗೆ ಬಿಗಿಯಾಗಿ ಸುತ್ತಿ, ಬೈಂಡಿಂಗ್ ವೈರ್ ಕಟ್ಟಿ, ತುರುಕಿದೆ.

ಕೈಗೆ ಗ್ಲೌಸ್ ಹಾಕಿದ್ದೆ, ಮುಖಕ್ಕೆ ಮಾಸ್ಕ್ ಹಾಕಿದ್ದೆ. ಮೊಣಕೈ ಮುಚ್ಚಿಕೊಳ್ಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಕಡಿತ ಶುರು. ಕಣ್ಣಿಗೆ ಕಾಣದ ಗಾಜಿನ ಮುಳ್ಳು. ಬಿಸಿನೀರು ಸ್ನಾನ ಮಾಡಿದೆ, ಇನ್ನೂ ಜಾಸ್ತಿಯಾಯಿತು. ಯಾರಾದರೂ ಈ ಕೆಲಸ ಮಾಡುವುದಿದ್ದರೆ ತುಂಬುತೋಳಿನ ಹಳೇ ಅಂಗಿ ಹಾಕಿಕೊಳ್ಳಿ. ಮುಗಿದ ಮೇಲೆ ಮೊದಲು ಸೆಲೋಟೇಪ್ ಅಂಟಿಸಿ ಅಂಟಿಸಿ ಕೀಳಿ, ಆಮೇಲೆ ತಣ್ಣೀರು. ಉಜ್ಜಬೇಡಿ.

45,810 ಕಿ.ಮೀ. ಕತ್ರಿಗುಪ್ಪೆ ಹತ್ತಿರ ಒಂದು ಹಂಪ್. ನಾನೇನೂ ಜೋರಾಗಿರಲಿಲ್ಲ. ಟಣ್ ಅಂದಿತು, ಆಮೇಲೆ ರಸ್ತೆಗೆ ಉಜ್ಜುವ ಸದ್ದು. ಬ್ರಾಕೆಟ್ಟು ವೆಲ್ಡಿಂಗ್ ಪಕ್ಕದಲ್ಲೇ ಸೀಳಿ ಸೈಲೆನ್ಸರ್ ಜೋತುಬಿದ್ದಿತ್ತು. ಆ ರಬ್ಬರ್ ಬುಷ್ ನೆನಪಿದೆಯಲ್ಲ? ಒಂದೇ ಸಿಲಿಂಡರಿನ ದೊಡ್ಡ ಇಂಜಿನ್, ಅದರ ನಡುಕ ಎಲ್ಲ ಆರು ತಿಂಗಳು ಸೀದಾ ಆ ಬೆಸುಗೆಯ ಮೇಲೆ. ನಾನು ಫೈಲಿನಲ್ಲಿ ಉಜ್ಜಿ ಅಗಲ ಮಾಡಿದ ತೂತಿನಿಂದಲೇ ಬಿರುಕು ಹೊರಟಿತ್ತು. ಟೂಲ್ ಬಾಕ್ಸಿನಲ್ಲಿ ಹಳೇ ಕ್ಲಚ್ ಕೇಬಲ್ ಇತ್ತು, ಅದರಲ್ಲೇ ಕಟ್ಟಿಕೊಂಡು ಮನೆಗೆ ಬಂದೆ. ಬರುವಾಗಲೇ ತೀರ್ಮಾನ ಆಗಿತ್ತು.

ಅಟ್ಟದಿಂದ ಹಳೇ ಸೈಲೆನ್ಸರ್ ಇಳಿಸಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಹಪ್ಪಳವಾದ ಭಾಗವನ್ನೆಲ್ಲ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಸುತ್ತ ಕ್ರೋಮ್ ಗ್ರೈಂಡ್ ಮಾಡಿ, 16 ಗೇಜ್ ತಗಡು ಬಗ್ಗಿಸಿ ತೇಪೆ ಹಾಕಿದರು. 350 ರೂಪಾಯಿ. ತೀರಾ ತಗ್ಗಿನ ಜಾಗದಲ್ಲಿ 3 ಮಿ.ಮೀ. ತೂತು ಒಂದನ್ನು ನಾನೇ ನಿಂತು ಹೊಡೆಸಿದೆ. ಬಿಸಿ ತಡೆಯುವ ಕಪ್ಪು ಬಣ್ಣ ಬಳಿದೆ. ಬಗ್ಗಿ ನೋಡಿದರಷ್ಟೇ ಕಾಣುತ್ತದೆ.

ಬದಲಿಸುವ ಮುಂಚೆ ಒಂದು ಕೆಲಸ ಮಾಡಿದೆ, ಇದನ್ನು ಮೊದಲೇ ಮಾಡಬೇಕಿತ್ತು. ಡಬ್ಬವನ್ನು ಕ್ಲ್ಯಾಂಪ್ ಹಾಕಿ ಹೇಗೋ ನಿಲ್ಲಿಸಿ, ಬೆಳಗ್ಗೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 30ರಿಂದ 60ಕ್ಕೆ ಏರುವ ಹೊತ್ತು ನೋಡಿದೆ. ಹಿಂದೆ ಗೆಳೆಯ, ಕೈಯಲ್ಲಿ ಸ್ಟಾಪ್‌ವಾಚ್. ನಾಲ್ಕು ಸಲದ ಸರಾಸರಿ 8.9 ಸೆಕೆಂಡ್. ಮರುದಿನ ಕಂಪನಿ ಸೈಲೆನ್ಸರ್, ಹಳೇ ಜೆಟ್, ವಾಷರ್ ತೆಗೆದು, ಅದೇ ರಸ್ತೆ, ಅದೇ ಗೆಳೆಯ: 8.1. ಆರು ತಿಂಗಳು ನಾನು ಪಿಕಪ್ ಜಾಸ್ತಿಯಾಗಿದೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೆ. ಕಿವಿ ಅಷ್ಟು ಚೆನ್ನಾಗಿ ಮೋಸ ಮಾಡುತ್ತದೆ. 60ರ ಮೇಲೆ ಡಬ್ಬ ಸ್ವಲ್ಪ ಚುರುಕಾಗಿದ್ದ ಹಾಗೆ ಅನಿಸುತ್ತಿತ್ತು, ಅದನ್ನು ಅಳೆದಿಲ್ಲ. ಬೆಂಗಳೂರಿನಲ್ಲಿ 60 ಎಲ್ಲಿ ಸಿಗುತ್ತದೆ ಹೇಳಿ.

ಖರ್ಚು ಬರೆದಿಟ್ಟಿದ್ದೆ, ಕೂಡಿಸಿದರೆ 7,180. ಜೆಟ್ ಬದಲಿಸಿದ ಮೇಲಿನ 4,110 ಕಿ.ಮೀ.ಗೆ ಸುಮಾರು 20 ಲೀಟರ್ ಪೆಟ್ರೋಲ್ ಹೆಚ್ಚಿಗೆ ಕುಡಿದಿದೆ, ಲೀಟರ್ ನೂರು ದಾಟಿರುವ ಕಾಲದಲ್ಲಿ ಅದೇ ಎರಡು ಸಾವಿರದ ಆಸುಪಾಸು. ಅದರಲ್ಲಿ ಗಾಡಿಗೆ ನಿಜವಾಗಿ ಬೇಕಿದ್ದದ್ದು ವೆಲ್ಡಿಂಗಿನ 350.

ಅಕ್ಕನ ಮಗ ಹೊಸ ಹೊಗೆ ನಿಯಮದ ಬಿಎಸ್6 ಗಾಡಿ ತಗೊಂಡಿದ್ದಾನೆ, ಅದರಲ್ಲಿ ಪೆಟ್ರೋಲ್ ಅಳೆದು ಕೊಡುವುದು ಇಸಿಯು ಅನ್ನುವ ಕಂಪ್ಯೂಟರ್, "ಮಾವ, ನಂದಕ್ಕೆ ಕಾರ್ಬೊರೇಟರ್ ಇಲ್ವಲ್ಲ, ಇಸಿಯು ತಾನೇ ಸರಿ ಮಾಡ್ಕೊಳ್ಳುತ್ತೆ" ಅಂತಾನೆ. ಸ್ವಲ್ಪ ಮಟ್ಟಿಗೆ ಮಾಡಿಕೊಳ್ಳುತ್ತದೆ, ಎಷ್ಟು ಬೇಕಾದರೂ ಅಲ್ಲ. ಹೊಗೆ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್ ಇದೆ, ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಸೆನ್ಸರ್ ಹತ್ತಿರ ನನ್ನ ತಗಡಿನ ಪಟ್ಟಿಯಂಥ ಲೀಕ್ ಒಂದಿದ್ದರೆ ಒಳಗೆ ನುಗ್ಗಿದ ಗಾಳಿಯನ್ನು ನೋಡಿ ಪೆಟ್ರೋಲ್ ಕಮ್ಮಿಯಾಯಿತು ಅಂತ ಇಸಿಯು ಸುರಿಯುತ್ತಾ ಹೋಗುತ್ತದೆ. ಕನ್ವರ್ಟರ್ ತೆಗೆಸಿದರೆ ಹೊಗೆ ತಪಾಸಣೆಯಲ್ಲಿ ಸ್ಕ್ರೂ ತಿರುಗಿಸಿ ಪಾಸಾಗುವ ಆಟವೂ ನಡೆಯುವುದಿಲ್ಲ. ವಾರಂಟಿ ಬೇರೆ ಹೋಗುತ್ತದೆ. ಇಷ್ಟು ಹೇಳಿದ್ದೇನೆ, ಕೇಳುತ್ತಾನೋ ಇಲ್ಲವೋ.

ಆಯುಧಪೂಜೆ ದಿನ ಗಾಡಿಗೆ ಹೂವು ಹಾಕಿ, ನಿಂಬೆಹಣ್ಣು ಇಟ್ಟು, ಸ್ಟಾರ್ಟ್ ಮಾಡಿದೆ. ಅಂಕಲ್ ಹೊರಗೆ ಬಂದು, "ಓ, ಇದೆಯಾ ಗಾಡಿ! ನಾಲ್ಕು ದಿನದಿಂದ ಕೇಳಿಸಲಿಲ್ಲ, ಮಾರಿಬಿಟ್ಯೇನೋ ಅಂದ್ಕೊಂಡೆ" ಅಂದರು. ಬೆಂಡ್ ಪೈಪಿನ ನೀಲಿ ಮಾತ್ರ ಹೋಗಿಲ್ಲ, ಎರಡು ಥರದ ಪಾಲಿಶ್ ಹಾಕಿ ನೋಡಿದೆ.

ಡಬ್ಬವನ್ನು 1,000ಕ್ಕೆ ಮಾರಾಟಕ್ಕಿಟ್ಟಿದ್ದೇನೆ. ಬ್ರಾಕೆಟ್ ಮುರಿದಿದೆ, ರೇನ್‌ಕೋಟಿನ ಕಲೆ ಇದೆ, ಜೆಟ್ ಬದಲಿಸಲೇಬೇಕು, ಪೊಲೀಸರು ಹಿಡಿಯುತ್ತಾರೆ, ಎಲ್ಲ ಬರೆದೇ ಹಾಕಿದ್ದೆ. ನಿನ್ನೆ ಒಬ್ಬ ಹುಡುಗ ಫೋನ್ ಮಾಡಿದ. ಎಲ್ಲ ಓದಿದ್ಯಾ ಅಂದೆ. ಓದಿದೆ ಅಂದ.

"ಒಂದು ಸೌಂಡ್ ವಿಡಿಯೋ ಕಳಿಸಿ ಬ್ರೋ."